ಕೋರಿಯೋಕಾರ್ಸಿನೋಮಾಗೆ ಸ್ಪೆಷಲ್ ಸೆಂಟರ್‌ನಲ್ಲಿ ಚಿಕಿತ್ಸೆ, ಎಚ್‌ಸಿಜಿ ಫಾಲೋಅಪ್: ನನ್ನ ರಿವ್ಯೂ

ಹೆರಿಗೆಯಾದ ಕೆಲವು ತಿಂಗಳಿಗೆ ನನಗೆ ಕೋರಿಯೋಕಾರ್ಸಿನೋಮಾ ಇದೆ ಅಂತ ಗೊತ್ತಾಯಿತು. ಮಾಸು, ಅಂದರೆ ಪ್ಲಾಸೆಂಟಾ, ಯಾವ ಕೋಶಗಳಿಂದ ಬೆಳೆಯುತ್ತದೋ ಅದೇ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್ ಇದು. ಈ ಗುಂಪಿನ ಕಾಯಿಲೆಗಳಿಗೆಂದೇ ಇರುವ ಒಂದು ಸೆಂಟರ್‌ನಲ್ಲಿ ನನ್ನ ಚಿಕಿತ್ಸೆ ಆಯಿತು, ಫಾಲೋಅಪ್ ಕೂಡ ಅಲ್ಲೇ. ಹೆಸರು ಹಾಕುತ್ತಿಲ್ಲ. ದೂರುಗಳೂ ಇವೆ, ಅದಕ್ಕೆ. ನಿಮ್ಮ ಕೈಯಲ್ಲಿ ಇಂಥ ರಿಪೋರ್ಟ್ ಇದ್ದರೆ ಎಲ್ಲಿಗೆ ಹೋದರೂ ಏನು ನೋಡಬೇಕು, ಏನು ಕೇಳಬೇಕು ಅಂತ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ. 5ಕ್ಕೆ 4 ಕೊಡುತ್ತೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಕಾಯಿಲೆಯ ಮುಖ್ಯ ಔಷಧಿ ಹಳೆಯದು, ಕೀಮೋ ಕೊಡುವ ಆಸ್ಪತ್ರೆಗಳಲ್ಲೆಲ್ಲ ಸಿಗುತ್ತದೆ. ಸ್ಪೆಷಲ್ ಸೆಂಟರ್‌ನಲ್ಲಿ ಹೆಚ್ಚಿಗೆ ಸಿಗುವುದು ರಕ್ತದ ಒಂದು ನಂಬರನ್ನು ಬಿಡದೆ ಹಿಂಬಾಲಿಸುವ ಜನ. ಆ ನಂಬರ್ ಬೀಟಾ ಎಚ್‌ಸಿಜಿ. ಬಸಿರಾದಾಗ ಪ್ರೆಗ್ನೆನ್ಸಿ ಕಿಟ್‌ನಲ್ಲಿ ಗೆರೆ ಮೂಡಿಸುವ ಹಾರ್ಮೋನ್ ಅದೇ. ಈ ಕ್ಯಾನ್ಸರ್ ಕೂಡ ಅದನ್ನೇ ತಯಾರಿಸುತ್ತದೆ. ಹಾಗಾಗಿ ಕಾಯಿಲೆ ಎಷ್ಟಿದೆ, ಔಷಧಿ ಕೆಲಸ ಮಾಡುತ್ತಿದೆಯಾ, ಮುಗಿಯಿತಾ, ವಾಪಸ್ ಬಂತಾ, ಇವೆಲ್ಲ ಬಹುಪಾಲು ಆ ಒಂದು ನಂಬರಿನಲ್ಲೇ ಗೊತ್ತಾಗುತ್ತದೆ. ಅದನ್ನು ನೋಡುವವರು ಚೆನ್ನಾಗಿದ್ದರೆ ಅರ್ಧ ಕೆಲಸ ಆದ ಹಾಗೆ.

ಎಷ್ಟು ಅಪರೂಪ ಅಂದರೆ, ಯುರೋಪ್ ಮತ್ತು ಉತ್ತರ ಅಮೆರಿಕದಲ್ಲಿ ಸುಮಾರು 40,000 ಬಸಿರುಗಳಲ್ಲಿ ಒಂದಕ್ಕೆ ಬರುತ್ತದೆ ಅಂತ ಲೆಕ್ಕ. ಏಷ್ಯಾದ ಕೆಲವು ಕಡೆ ಸ್ವಲ್ಪ ಜಾಸ್ತಿ. ಅರ್ಧದಷ್ಟು ಮೋಲಾರ್ ಪ್ರೆಗ್ನೆನ್ಸಿ ಆದ ಮೇಲೆ ಬರುತ್ತವೆ, ಅಂದರೆ ಮಗು ಸರಿಯಾಗಿ ಬೆಳೆಯದೆ ಮಾಸು ದ್ರಾಕ್ಷಿ ಗೊಂಚಲಿನ ಹಾಗೆ ಗುಳ್ಳೆ ಗುಳ್ಳೆಯಾಗಿ ಬೆಳೆಯುವ ಬಸಿರು. ಉಳಿದವು ಗರ್ಭಪಾತ ಆದ ಮೇಲೆ, ಇಲ್ಲಾ ನನ್ನ ಹಾಗೆ ಪೂರ್ತಿ ತಿಂಗಳು ತುಂಬಿ ಆರೋಗ್ಯವಂತ ಮಗು ಹುಟ್ಟಿದ ಮೇಲೆ. ಇನ್ನೂ ಅಪರೂಪಕ್ಕೆ, ಮಗು ಹೊಟ್ಟೆಯಲ್ಲಿರುವಾಗಲೇ ಮಾಸಿನೊಳಗೆ ಈ ಗಡ್ಡೆ ಇರುತ್ತದೆ. ಹೊರಗಿನಿಂದ ನೋಡಿದರೆ ಮಾಸು ಸರಿಯಾಗೇ ಕಾಣಬಹುದು. ಪಾಥಾಲಜಿಗೆ ಕಳಿಸಿದರೆ ಮಾತ್ರ ತಿಳಿಯುತ್ತದೆ, ಮತ್ತು ಎಲ್ಲ ಹೆರಿಗೆಗಳಲ್ಲಿ ಮಾಸನ್ನು ಪಾಥಾಲಜಿಗೆ ಕಳಿಸುವುದಿಲ್ಲ.

ನಾನು ಅಲ್ಲಿಗೆ ತಲುಪಿದ್ದು ಸುಲಭವಾಗಿ ಅಲ್ಲ. ಹೆರಿಗೆಯಾದ ಆಸ್ಪತ್ರೆಯಲ್ಲಿ ಬ್ಲೀಡಿಂಗ್ ನಿಲ್ಲುತ್ತಿಲ್ಲ ಅಂತ ಹೇಳಿದಾಗಲೆಲ್ಲ ‘ಹೆರಿಗೆ ಆದ ಮೇಲೆ ಇದೆಲ್ಲ ಇದ್ದದ್ದೇ’ ಅಂದರು. ಹಾರ್ಮೋನ್ ಮಾತ್ರೆ ಕೊಟ್ಟರು. ಆಮೇಲೆ ಸ್ಕ್ಯಾನಿಂಗ್ ಮಾಡಿ ಮಾಸಿನ ಚೂರು ಒಳಗೆ ಉಳಿದಿರಬೇಕು ಅಂತ ಡಿ ಅಂಡ್ ಸಿ, ಅಂದರೆ ಗರ್ಭಕೋಶ ಕ್ಲೀನ್ ಮಾಡುವುದು, ಮಾಡಿದರು. ಮಾಸು ಉಳಿಯುವುದು ನಿಜಕ್ಕೂ ಸಾಮಾನ್ಯ, ಮೊದಲು ಅದೇ ಅನುಮಾನ ಬರುವುದರಲ್ಲಿ ತಪ್ಪಿಲ್ಲ. ಆದರೆ ಅದಾದ ಮೇಲೂ ರಕ್ತ ಹೋಗುತ್ತಿತ್ತು, ಜೊತೆಗೆ ಕೆಮ್ಮು ಶುರುವಾಯಿತು, ಮೆಟ್ಟಿಲು ಹತ್ತಿದರೆ ಉಸಿರು ಸಿಕ್ಕಿಹಾಕಿಕೊಳ್ಳುತ್ತಿತ್ತು. ಡ್ಯೂಟಿಗೆ ಹೊಸದಾಗಿ ಬಂದ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ ಬೀಟಾ ಎಚ್‌ಸಿಜಿ ಬರೆದರು. ಹೆರಿಗೆ ಆದ ಮೇಲೆ ಕೆಲವೇ ವಾರಗಳಲ್ಲಿ ಸೊನ್ನೆಗೆ ಹತ್ತಿರ ಬರಬೇಕಿದ್ದ ನಂಬರ್, ಹತ್ತಾರು ಸಾವಿರದಲ್ಲಿತ್ತು.

ಒಂದೇ ಒಂದು ರಕ್ತ ಪರೀಕ್ಷೆ. ಅದನ್ನು ಅಷ್ಟು ದಿನ ಯಾರೂ ಬರೆಯಲಿಲ್ಲ ಅನ್ನೋದು ನನಗೆ ಈಗಲೂ ಸಿಟ್ಟು ತರಿಸುತ್ತದೆ. ಹೆರಿಗೆ, ಗರ್ಭಪಾತ, ಮೋಲಾರ್, ಯಾವುದೇ ಆಗಿರಲಿ, ಆಮೇಲೆ ಎಂಟು ವಾರ ದಾಟಿದರೂ ಬ್ಲೀಡಿಂಗ್ ಹೋಗುತ್ತಿದ್ದರೆ ಎಚ್‌ಸಿಜಿ ನೋಡಿ ಅಂತ ನೀವೇ ಕೇಳಿ. ಬಹಳಷ್ಟು ಜನರಿಗೆ ಏನೂ ಇರುವುದಿಲ್ಲ. ಇದ್ದವರಿಗೆ ಮಾತ್ರ ಅದರಿಂದ ತಿಂಗಳುಗಳು ಉಳಿಯುತ್ತವೆ.

ಇನ್ನು ಸೆಂಟರ್ ಬಗ್ಗೆ. ಮೊದಲ ದಿನವೇ ನನಗೆ ಇಷ್ಟವಾದದ್ದು ಅವರು ಮಾಡದೇ ಬಿಟ್ಟ ಕೆಲಸ. ಹಳೆಯ ಆಸ್ಪತ್ರೆಯವರು ಗಡ್ಡೆಯಿಂದ ಒಂದು ಚೂರು ತೆಗೆದು ಬಯಾಪ್ಸಿ ಮಾಡಿಸಬೇಕು ಅಂತ ಬರೆದು ಕಳಿಸಿದ್ದರು. ಇಲ್ಲಿನ ಡಾಕ್ಟರ್ ಅದನ್ನು ಓದಿ ‘ಬೇಡ’ ಅಂದರು. ಈ ಗಡ್ಡೆಯಲ್ಲಿ ರಕ್ತನಾಳಗಳು ತುಂಬಾ ಇರುತ್ತವೆ, ಚುಚ್ಚಿದರೆ ರಕ್ತಸ್ರಾವ ಹಿಡಿತಕ್ಕೆ ಸಿಗದೆ ಹೋಗಬಹುದು, ಎಚ್‌ಸಿಜಿ ಮತ್ತು ಸ್ಕ್ಯಾನ್ ಇದ್ದರೆ ಚೂರು ತೆಗೆಯದೆಯೇ ಚಿಕಿತ್ಸೆ ಶುರು ಮಾಡಬಹುದು ಅಂತ ವಿವರಿಸಿದರು. ಕ್ಯಾನ್ಸರ್ ಅಂದ ಮೇಲೆ ಬಯಾಪ್ಸಿ ಬೇಕೇ ಬೇಕು ಅಂತ ಮನೆಯವರೆಲ್ಲ ನಂಬಿದ್ದೆವು. ಇದು ಹಾಗಲ್ಲದ ಕೆಲವೇ ಕ್ಯಾನ್ಸರ್‌ಗಳಲ್ಲಿ ಒಂದು. ಇದು ಗೊತ್ತಿರುವ ಡಾಕ್ಟರ್ ಕೈಗೆ ಸಿಗುವುದೇ ದೊಡ್ಡ ವಿಷಯ, ಅಲ್ವಾ?

ಆಮೇಲೆ ಎದೆಯ ಎಕ್ಸ್-ರೇ, ಹೊಟ್ಟೆಯ ಸ್ಕ್ಯಾನ್, ಸಿಟಿ. ಶ್ವಾಸಕೋಶದಲ್ಲಿ ಗಂಟುಗಳಿದ್ದವು, ಅದಕ್ಕೆ ತಲೆಯ ಎಂಆರ್‌ಐ ಕೂಡ ಮಾಡಿದರು. ಈ ಕಾಯಿಲೆ ರಕ್ತದ ಮೂಲಕ ಹರಡುತ್ತದೆ, ಮೊದಲು ಹೋಗುವುದು ಶ್ವಾಸಕೋಶಕ್ಕೆ. ಮಿದುಳು, ಲಿವರ್‌ಗೂ ಹೋಗಬಹುದು. ತಲೆಯ ರಿಪೋರ್ಟ್ ಸರಿ ಇದೆ ಅಂದಾಗ ನಮ್ಮ ಯಜಮಾನರು ಅಲ್ಲೇ ಕುರ್ಚಿ ಮೇಲೆ ಕುಸಿದು ಕೂತರು.

ಸ್ಕೋರ್ ಅಂತ ಒಂದು ಹಾಕುತ್ತಾರೆ. ವಯಸ್ಸು, ಹಿಂದಿನ ಬಸಿರು ಯಾವ ತರಹದ್ದು, ಅದು ಮುಗಿದು ಎಷ್ಟು ತಿಂಗಳಾಯಿತು, ಎಚ್‌ಸಿಜಿ ಎಷ್ಟಿದೆ, ಗಡ್ಡೆ ಎಷ್ಟು ದೊಡ್ಡದು, ಎಲ್ಲೆಲ್ಲಿ ಹರಡಿದೆ, ಎಷ್ಟು ಕಡೆ, ಮೊದಲು ಕೊಟ್ಟ ಕೀಮೋ ಕೆಲಸ ಮಾಡಿತ್ತಾ ಅಂತ ನೋಡಿ ಅಂಕ ಕೊಡುವುದು. 6ರವರೆಗೆ ಕಡಿಮೆ ಅಪಾಯ, 7 ಮತ್ತು ಮೇಲೆ ಹೆಚ್ಚು ಅಪಾಯ. ಡಾಕ್ಟರ್ ಒಂದು ಹಾಳೆ ತೆಗೆದುಕೊಂಡು ನನ್ನ ಎದುರಿಗೇ ಒಂದೊಂದು ಸಾಲಿಗೂ ಅಂಕ ಬರೆದು ಕೂಡಿದರು. ನನ್ನದು 7ಕ್ಕಿಂತ ಕಡಿಮೆ ಬಂತು. ಶ್ವಾಸಕೋಶಕ್ಕೆ ಹರಡಿದೆ ಅಂದರೆ ಕಥೆ ಮುಗಿಯಿತು ಅಂತ ನಾನು ಅಂದುಕೊಂಡಿದ್ದೆ. ಕಡಿಮೆ ಅಪಾಯದ ಗುಂಪಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ಗುಣವಾಗುತ್ತಾರೆ, ಹೆಚ್ಚು ಅಪಾಯದ ಗುಂಪಿನಲ್ಲೂ 100ಕ್ಕೆ 90ಕ್ಕಿಂತ ಜಾಸ್ತಿ ಜನ ಗುಣವಾಗುತ್ತಾರೆ ಅಂತ ಆ ದಿನ ಕೇಳಿದ್ದು. ಲೆಕ್ಕವನ್ನು ರೋಗಿಯ ಎದುರಿಗೇ ಮಾಡುವುದು ಚಿಕ್ಕ ವಿಷಯ ಅಂತ ಕಾಣಬಹುದು. ನನಗೆ ಆ ಹಾಳೆಯಿಂದಲೇ ಧೈರ್ಯ ಬಂತು.

ಇನ್ನೊಂದು ಕೆಲಸ ಅವರು ಕೇಳದೆಯೇ ಮಾಡಿದರು. ಮಗುವಿನ ಎಚ್‌ಸಿಜಿ ಕೂಡ ನೋಡಿದರು. ತುಂಬಾ ತುಂಬಾ ಅಪರೂಪಕ್ಕೆ ಈ ಕ್ಯಾನ್ಸರ್ ಮಾಸಿನಿಂದ ಮಗುವಿಗೂ ಹೋಗಿರಬಹುದಂತೆ. ಮಗು ಚೆನ್ನಾಗಿ ಕಂಡರೂ ಒಂದು ಸಲ ನೋಡಬೇಕು. ಹಳೆಯ ಆಸ್ಪತ್ರೆಯಲ್ಲಿ ಇದರ ಬಗ್ಗೆ ಯಾರೂ ಮಾತೇ ಎತ್ತಿರಲಿಲ್ಲ. ರಿಸಲ್ಟ್ ಬರುವವರೆಗೆ ನನ್ನ ಕಾಯಿಲೆ ನನಗೆ ಮರೆತೇ ಹೋಗಿತ್ತು. ಮಗುವಿಗೆ ಏನೂ ಇರಲಿಲ್ಲ.

ಚಿಕಿತ್ಸೆ ಮೆಥೊಟ್ರೆಕ್ಸೇಟ್ ಇಂಜೆಕ್ಷನ್. 1, 3, 5, 7ನೇ ದಿನ ಸ್ನಾಯುವಿಗೆ ಚುಚ್ಚುತ್ತಾರೆ, ಮಧ್ಯದ 2, 4, 6, 8ನೇ ದಿನ ಒಳ್ಳೆಯ ಕೋಶಗಳನ್ನು ಕಾಪಾಡುವ ಫೋಲಿನಿಕ್ ಆಸಿಡ್ ಮಾತ್ರೆ, ಆಮೇಲೆ ಬಿಡುವು, ಎರಡು ವಾರಕ್ಕೆ ಮತ್ತೆ ಶುರು. ಮೊದಲ ಸುತ್ತಿಗೆ ಅಡ್ಮಿಟ್ ಮಾಡಿಕೊಂಡರು, ಗಡ್ಡೆ ಕರಗುವಾಗ ರಕ್ತಸ್ರಾವ ಆಗಬಹುದು ಅಂತ. ಆಮೇಲಿನವು ಮನೆಯ ಹತ್ತಿರದ ಕ್ಲಿನಿಕ್ಕಿನಲ್ಲೇ ಆದವು, ಅಲ್ಲಿಯವರಿಗೆ ಸೆಂಟರಿನಿಂದ ಸ್ಪಷ್ಟವಾಗಿ ಬರೆದು ಕಳಿಸಿದ್ದರು. ಕೂದಲು ಹೋಗಲಿಲ್ಲ. ಬಾಯಿ ಹುಣ್ಣು ಬಂತು, ಕಣ್ಣು ಉರಿಯುತ್ತಿತ್ತು, ಒಮ್ಮೊಮ್ಮೆ ಉಸಿರು ಎಳೆದರೆ ಎದೆಯ ಪಕ್ಕದಲ್ಲಿ ನೋವು. ಇವು ಮೂರೂ ಬರಬಹುದು ಅಂತ ಮೊದಲೇ ಹೇಳಿದ್ದರಿಂದ ಗಾಬರಿ ಆಗಲಿಲ್ಲ.

ಅಲ್ಲಿನ ಒಬ್ಬ ಸಿಸ್ಟರ್ ಬಗ್ಗೆ ಬರೆಯದೆ ಇರೋಕಾಗಲ್ಲ. ನಾನು ತೆಗೆದುಕೊಳ್ಳುತ್ತಿದ್ದ ಮಾತ್ರೆಗಳ ಪಟ್ಟಿ ಬರೆದುಕೊಟ್ಟರೆ ಸಾಲದು, ಎಲ್ಲ ಸ್ಟ್ರಿಪ್‌ಗಳನ್ನೂ ತೆಗೆದುಕೊಂಡು ಬನ್ನಿ ಅಂದರು. ಹೆರಿಗೆ ಆದ ಮೇಲೆ ಕೊಟ್ಟಿದ್ದ ವಿಟಮಿನ್ ಮಾತ್ರೆಯಲ್ಲಿ ಫೋಲಿಕ್ ಆಸಿಡ್ ಇತ್ತು. ಮೆಥೊಟ್ರೆಕ್ಸೇಟ್ ಕೆಲಸ ಮಾಡುವುದೇ ಕೋಶಗಳು ಬೆಳೆಯೋಕೆ ಬೇಕಾದ ಫೋಲೇಟ್ ಅನ್ನುವ ವಿಟಮಿನ್‌ನ ದಾರಿಯನ್ನು ತಡೆದು, ಹಾಗಾಗಿ ಫೋಲಿಕ್ ಆಸಿಡ್ ಮಾತ್ರೆ ನಿಲ್ಲಿಸಬೇಕು. ಫೋಲಿನಿಕ್ ಬೇರೆ, ಫೋಲಿಕ್ ಬೇರೆ. ಮೆಡಿಕಲ್ ಸ್ಟೋರಿನಲ್ಲಿ ಒಂದರ ಬದಲು ಇನ್ನೊಂದು ಕೊಟ್ಟರೆ ತೆಗೆದುಕೊಳ್ಳಬೇಡಿ, ಸ್ಟ್ರಿಪ್ ಮೇಲಿನ ಹೆಸರು ಓದಿ. ಐಬುಪ್ರೊಫೆನ್ ತರಹದ ನೋವಿನ ಮಾತ್ರೆಗಳೂ ಬೇಡ, ಮೆಥೊಟ್ರೆಕ್ಸೇಟ್ ದೇಹದಿಂದ ಹೊರಗೆ ಹೋಗುವುದು ನಿಧಾನವಾಗುತ್ತದೆ. ಮಗುವಿಗೆ ಹಾಲುಣಿಸುವುದನ್ನು ನಿಲ್ಲಿಸಬೇಕು. ಇದನ್ನು ಅವರು ನನ್ನ ಪಕ್ಕದಲ್ಲಿ ಕೂತು ಹೇಳಿದರು. ಎದೆ ಕಟ್ಟಿಕೊಂಡರೆ ಏನು ಮಾಡಬೇಕು ಅಂತಲೂ ಹೇಳಿದರು. ಅದು ನನಗೆ ಇಂಜೆಕ್ಷನ್‌ಗಿಂತ ಕಷ್ಟದ ವಿಷಯವಾಗಿತ್ತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ಫೋನ್. ವಾರದಲ್ಲಿ ಗೊತ್ತಾದ ದಿನ ರಕ್ತ ಕೊಡಬೇಕು, ಎಲ್ಲಿ ಕೊಟ್ಟರೂ ಸ್ಯಾಂಪಲ್ ಹೋಗುವುದು ಸೆಂಟರ್‌ನ ಒಂದೇ ಲ್ಯಾಬಿಗೆ. ರಿಸಲ್ಟ್ ಬಂದ ದಿನ ಅವರೇ ಫೋನ್ ಮಾಡಿ ನಂಬರ್ ಹೇಳುತ್ತಾರೆ. ಬರೀ ನಂಬರ್ ಅಲ್ಲ, ಹೋದ ವಾರದ್ದಕ್ಕೆ ಹೋಲಿಸಿ ಎಷ್ಟು ಇಳಿದಿದೆ ಅಂತ. ಬೇರೆ ಬೇರೆ ಲ್ಯಾಬಿನಲ್ಲಿ ಮಾಡಿಸಿದರೆ ಯಾಕಾಗಲ್ಲ ಅಂತ ಕೇಳಿದೆ. ಎಚ್‌ಸಿಜಿ ಒಂದೇ ರೂಪದಲ್ಲಿ ಇರುವುದಿಲ್ಲ, ಕ್ಯಾನ್ಸರ್ ತಯಾರಿಸುವುದರಲ್ಲಿ ಮುರಿದ ತುಂಡುಗಳು, ಬಿಡಿ ಬೀಟಾ ಭಾಗ, ಹೀಗೆ ಬೇರೆ ಬೇರೆ ರೂಪ ಇರುತ್ತವೆ. ಸಾಮಾನ್ಯ ಬಸಿರಿಗಾಗಿ ಮಾಡಿದ ಕೆಲವು ಟೆಸ್ಟ್‌ಗಳು ಅವೆಲ್ಲವನ್ನೂ ಒಂದೇ ತರಹ ಹಿಡಿಯುವುದಿಲ್ಲ. ಒಂದು ಲ್ಯಾಬಿನ 300 ಇನ್ನೊಂದು ಲ್ಯಾಬಿನ 300 ಆಗಿರಬೇಕೆಂದಿಲ್ಲ. ವಾರ ವಾರ ಲ್ಯಾಬ್ ಬದಲಾಯಿಸಿದರೆ ಇಳಿಯುತ್ತಿದೆಯಾ ಏರುತ್ತಿದೆಯಾ ಅಂತ ಹೇಳೋಕೇ ಆಗಲ್ಲ.

ಇದಕ್ಕೆ ಸೇರಿದ ಇನ್ನೊಂದು ಮಾತು. ನಿಜವಾಗಿ ಎಚ್‌ಸಿಜಿ ಇಲ್ಲದಿದ್ದರೂ ರಕ್ತದಲ್ಲಿರುವ ಬೇರೆ ಪ್ರತಿಕಾಯಗಳಿಂದ ಟೆಸ್ಟ್ ಮೋಸ ಹೋಗಿ ನಂಬರ್ ತೋರಿಸುವುದುಂಟು. ಹೀಗೆ ಸುಳ್ಳು ನಂಬರ್ ನಂಬಿ ಕೀಮೋ, ಆಪರೇಷನ್ ಮಾಡಿಸಿಕೊಂಡ ಹೆಂಗಸರು ಇದ್ದಾರೆ. ಆ ಪ್ರತಿಕಾಯಗಳು ಮೂತ್ರಕ್ಕೆ ಬರುವುದಿಲ್ಲ, ಹಾಗಾಗಿ ಮೂತ್ರದಲ್ಲೂ ನೋಡಿದರೆ ಗೊತ್ತಾಗುತ್ತದೆ. ನಿಮ್ಮ ನಂಬರ್ ಕಡಿಮೆ ಮಟ್ಟದಲ್ಲೇ ನಿಂತಿದೆ, ಸ್ಕ್ಯಾನಿನಲ್ಲಿ ಏನೂ ಕಾಣುತ್ತಿಲ್ಲ ಅಂದರೆ ಇದನ್ನು ಕೇಳಿ.

ಮನೆಯ ಪ್ರೆಗ್ನೆನ್ಸಿ ಕಿಟ್ ಇಟ್ಟುಕೊಂಡು ಫಾಲೋಅಪ್ ಮಾಡಿಕೊಳ್ಳುತ್ತೇವೆ ಅನ್ನುವವರಿಗೂ ಒಂದು ಮಾತು. ಅದು ಇದೆ ಇಲ್ಲ ಅಂತ ಮಾತ್ರ ಹೇಳುತ್ತದೆ, ಎಷ್ಟು ಅಂತ ಹೇಳಲ್ಲ. ಅದಕ್ಕಿಂತ ಅಪಾಯದ ವಿಷಯ, ಎಚ್‌ಸಿಜಿ ಲಕ್ಷಗಳಲ್ಲಿ ಇದ್ದಾಗ ಕಿಟ್ ತುಂಬಿಹೋಗಿ ಗೆರೆ ತೆಳ್ಳಗೆ ಬರಬಹುದು ಅಥವಾ ಬರದೇ ಇರಬಹುದು. ನೆಗೆಟಿವ್ ಬಂತು ಅಂತ ಸುಮ್ನೆ ಕೂತರೆ ಕಷ್ಟ.

ನನ್ನ ನಂಬರ್ ಮೊದಲು ಚೆನ್ನಾಗಿ ಇಳಿಯಿತು. ಆಮೇಲೆ ನಿಂತಿತು. ನನಗೆ ಅದು ಗೊತ್ತೇ ಆಗುತ್ತಿರಲಿಲ್ಲ, ಯಾಕೆಂದರೆ ಬ್ಲೀಡಿಂಗ್ ನಿಂತಿತ್ತು, ಕೆಮ್ಮು ಹೋಗಿತ್ತು, ಮೈ ಹಗುರವಾಗಿತ್ತು, ನಾನು ಗುಣವಾದೆ ಅಂತಲೇ ನಂಬಿದ್ದೆ. ಅವರು ಫೋನ್ ಮಾಡಿ ‘ಇಳಿಯಬೇಕಾದಷ್ಟು ಇಳಿದಿಲ್ಲ, ಔಷಧಿ ಬದಲಾಯಿಸೋಣ’ ಅಂದರು. ಆಕ್ಟಿನೋಮೈಸಿನ್-ಡಿ ಕೊಟ್ಟರು. ಇದು ನರಕ್ಕೆ ಕೊಡುವ ಔಷಧಿ, ನರದಿಂದ ಹೊರಗೆ ಸೋರಿದರೆ ಚರ್ಮ ಸುಟ್ಟುಹೋಗುತ್ತದೆ. ಸಿಸ್ಟರ್‌ಗಳು ಪ್ರತಿ ಸಲ ಮೊದಲು ಸಲೈನ್ ಹಾಕಿ, ಉರಿಯುತ್ತಿದೆಯಾ ಅಂತ ಕೇಳಿ ಕೇಳಿ ಕೊಟ್ಟರು. ವಾಂತಿ ಬಂದ ಹಾಗಾಗುತ್ತಿತ್ತು, ಕೂದಲು ಸ್ವಲ್ಪ ತೆಳುವಾಯಿತು. ನಂಬರ್ ಮತ್ತೆ ಇಳಿಯತೊಡಗಿತು, 5ಕ್ಕಿಂತ ಕೆಳಗೆ ಬಂತು. ಅಲ್ಲಿಗೂ ನಿಲ್ಲಿಸಲಿಲ್ಲ, ಇನ್ನೂ ಆರು ವಾರ ಕೊಟ್ಟರು.

ನಾರ್ಮಲ್ ಬಂದ ಮೇಲೂ ಯಾಕೆ ಅಂತ ಕೇಳಿದ್ದಕ್ಕೆ ಸಿಕ್ಕ ಉತ್ತರ ನನಗೆ ತುಂಬಾ ಹಿಡಿಸಿತು. 1950ರ ದಶಕದಲ್ಲಿ ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್‌ನಲ್ಲಿ ಮಿನ್ ಚಿಯು ಲೀ ಅಂತ ಒಬ್ಬ ಡಾಕ್ಟರ್ ಇದ್ದರು. ಅವರು ಮತ್ತು ರಾಯ್ ಹರ್ಟ್ಜ್ ಇದೇ ಕ್ಯಾನ್ಸರಿಗೆ ಮೆಥೊಟ್ರೆಕ್ಸೇಟ್ ಕೊಟ್ಟು, 1956ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಡ್ಡೆ ರೂಪದ ಕ್ಯಾನ್ಸರ್‌ಗಳಲ್ಲಿ ಬರೀ ಔಷಧಿಯಿಂದಲೇ ಗುಣವಾದ ಮೊದಲನೆಯದು ಇದು. ಎಕ್ಸ್-ರೇಯಲ್ಲಿ ಗಡ್ಡೆ ಮಾಯವಾದ ಮೇಲೂ ಹಾರ್ಮೋನ್ ಇನ್ನೂ ಕಾಣುತ್ತಿದೆ ಅಂತ ಲೀ ಔಷಧಿ ಮುಂದುವರಿಸಿದರು. ಕಾಣದ ಕಾಯಿಲೆಗೆ ವಿಷ ಕೊಡುತ್ತಿದ್ದಾರೆ ಅಂತ ಅವರನ್ನು ಸಂಸ್ಥೆಯಿಂದ ಹೊರಗೆ ಕಳಿಸಿದರು. ಮಧ್ಯದಲ್ಲೇ ನಿಲ್ಲಿಸಿದವರಿಗೆ ಕಾಯಿಲೆ ಮರಳಿತು, ಲೀ ಹೇಳಿದ ಹಾಗೆ ಕೊನೆಯವರೆಗೆ ತೆಗೆದುಕೊಂಡವರು ಉಳಿದರು. 1972ರಲ್ಲಿ ಈ ಕೆಲಸಕ್ಕೆ ಅವರಿಗೆ ವೈದ್ಯಕೀಯ ಸಂಶೋಧನೆಗೆ ಕೊಡುವ ದೊಡ್ಡ ಪ್ರಶಸ್ತಿಯಾದ ಲಾಸ್ಕರ್ ಪ್ರಶಸ್ತಿ ಬಂತು. ನನ್ನ ಶ್ವಾಸಕೋಶದಲ್ಲಿ ಈಗಲೂ ಎಕ್ಸ್-ರೇಯಲ್ಲಿ ಒಂದು ಕಲೆ ಕಾಣುತ್ತದೆ. ನಂಬರ್ ನಾರ್ಮಲ್ ಇರುವುದರಿಂದ ಅದು ಸತ್ತ ಗಡ್ಡೆಯ ಗುರುತು ಅಷ್ಟೇ, ಆಪರೇಷನ್ ಬೇಡ ಅಂದಿದ್ದಾರೆ. ಗಡ್ಡೆಗಿಂತ ನಂಬರನ್ನು ನಂಬುವ ಆ ಪದ್ಧತಿಯಿಂದಲೇ ನಾನು ಎರಡೂ ಸಲ ಉಳಿದೆ, ಬೇಗ ನಿಲ್ಲಿಸುವುದರಿಂದಲೂ, ಬೇಡದ ಆಪರೇಷನ್‌ನಿಂದಲೂ.

ಇಂಥ ಫಾಲೋಅಪ್ ಅನ್ನು ಇಡೀ ದೇಶಕ್ಕೆ ಮಾಡಿ ತೋರಿಸಿದ್ದು ಬ್ರಿಟನ್. 1973ರಿಂದ ಅಲ್ಲಿ ಮೋಲಾರ್ ಆದವರನ್ನೆಲ್ಲ ನೋಂದಾಯಿಸುತ್ತಾರೆ. ಲಂಡನ್ನಿನ ಚೇರಿಂಗ್ ಕ್ರಾಸ್, ಶೆಫೀಲ್ಡ್, ಡಂಡೀ, ಈ ಮೂರು ಕಡೆ ಫಾಲೋಅಪ್, ಮೊದಲೆರಡು ಕಡೆ ಕೀಮೋ. ಇದೊಂದು ವ್ಯವಸ್ಥೆ ಎಲ್ಲ ಕಡೆ ಇರಬೇಕಿತ್ತು ಅಂತ ನನಗೆ ತುಂಬಾ ಅನಿಸುತ್ತದೆ. ಇಷ್ಟು ಅಪರೂಪದ ಕಾಯಿಲೆಯನ್ನು ಹತ್ತಾರು ಆಸ್ಪತ್ರೆಗಳಿಗೆ ಹಂಚಿದರೆ ಯಾರ ಕೈಗೂ ಅನುಭವ ಬರಲ್ಲ.

ಈಗ ಕಡಿಮೆ ಮಾಡಿದ ಒಂದು ಅಂಕದ ಬಗ್ಗೆ. ಕಾಯುವ ಜಾಗ. ಬಸುರಿಯರು ಸ್ಕ್ಯಾನಿಂಗ್‌ಗೆ ಕಾಯುವ ಹಾಲಿನಲ್ಲೇ ನಮ್ಮನ್ನೂ ಕೂರಿಸುತ್ತಿದ್ದರು. ನನಗಾದರೂ ಮನೆಯಲ್ಲಿ ಮಗು ಇತ್ತು. ನನ್ನ ಪಕ್ಕ ಕೂರುತ್ತಿದ್ದವರಲ್ಲಿ ಹೆಚ್ಚಿನವರು ಮೋಲಾರ್ ಆಗಿ ಮಗುವನ್ನು ಕಳೆದುಕೊಂಡವರು, ಅದೇ ಬಸಿರಿನಿಂದ ಕ್ಯಾನ್ಸರ್ ಬಂದವರು. ಗೋಡೆ ತುಂಬಾ ಮಕ್ಕಳ ಫೋಟೋ. ಅವರಲ್ಲಿ ಒಬ್ಬಳು ಹೊರಗೆ ಕಾರಿಡಾರಿನಲ್ಲಿ ನಿಂತೇ ಕಾಯುತ್ತಿದ್ದಳು. ಬೇರೆ ರೂಮ್ ಕೊಡುವುದಕ್ಕೆ ಎಷ್ಟು ಕಷ್ಟ? ಹೇಳಿದೆವು, ಬರೆದೂ ಕೊಟ್ಟೆವು, ಬದಲಾಗಲಿಲ್ಲ. ರಕ್ತದ ನಂಬರನ್ನು ಅಷ್ಟು ಜೋಪಾನವಾಗಿ ನೋಡುವವರು ಇದನ್ನು ನೋಡಲಿಲ್ಲ. ಮನಸ್ಸಿನ ಬಗ್ಗೆ ಮಾತಾಡುವವರು ಯಾರೂ ಇರಲಿಲ್ಲ, ಕೌನ್ಸೆಲಿಂಗ್ ಬೇಕಾ ಅಂತ ಕೊನೆಯವರೆಗೂ ಯಾರೂ ಕೇಳಲಿಲ್ಲ. ಮತ್ತೆ, ರಜೆ ದಿನ ಫೋನ್ ಮಾಡಿದರೆ ಎತ್ತುವವರಿಗೆ ಈ ಕಾಯಿಲೆಯ ಹೆಸರೂ ಗೊತ್ತಿರುವುದಿಲ್ಲ.

ನನ್ನ ಅನುಭವ ಎಲ್ಲರಿಗೂ ಹಾಗೇ ಅನ್ವಯಿಸಲ್ಲ. ಹೆಚ್ಚು ಅಪಾಯದ ಸ್ಕೋರ್ ಇದ್ದವರಿಗೆ ಇಎಂಎ-ಸಿಒ ಅಂತ ಐದು ಔಷಧಿ ಸೇರಿಸಿ ಕೊಡುತ್ತಾರೆ. ಅದರಲ್ಲಿ ಕೂದಲು ಪೂರ್ತಿ ಹೋಗುತ್ತದೆ, ಸುಸ್ತೂ ಜಾಸ್ತಿ. ಅದೂ ಕೇಳದಿದ್ದರೆ ಈಗ ಪೆಂಬ್ರೋಲಿಜುಮ್ಯಾಬ್ ತರಹದ ಇಮ್ಯುನೋಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಔಷಧಿ, ಇದೆ, ಕೀಮೋಗೆ ಬಗ್ಗದ ಕೆಲವರು ಅದರಿಂದ ಗುಣವಾಗಿದ್ದಾರೆ. ಮಾಸು ಅಂಟಿಕೊಂಡಿದ್ದ ಜಾಗದಲ್ಲಿ ಬೆಳೆಯುವ ಪಿಎಸ್‌ಟಿಟಿ ಅನ್ನುವ ಇನ್ನೊಂದು ಬಗೆ ಇದೆ. ಅದು ನಿಧಾನ, ಬಸಿರು ಮುಗಿದು ವರ್ಷಗಳಾದ ಮೇಲೂ ಬರಬಹುದು, ಎಚ್‌ಸಿಜಿ ಕಡಿಮೆ ತಯಾರಿಸುತ್ತದೆ, ಕೀಮೋಗೆ ಅಷ್ಟು ಕರಗುವುದಿಲ್ಲ, ಹೆಚ್ಚಾಗಿ ಗರ್ಭಕೋಶ ತೆಗೆಯಬೇಕಾಗುತ್ತದೆ. ಅವರು ನಂಬರ್ ಚಿಕ್ಕದಿದೆ ಅಂತ ಸಮಾಧಾನ ಪಡುವ ಹಾಗಿಲ್ಲ.

ಚಿಕಿತ್ಸೆ ಮುಗಿದ ಮೇಲೆ ಫಾಲೋಅಪ್ ತಿಂಗಳಿಗೊಮ್ಮೆ ಆಯಿತು. ಒಂದು ವರ್ಷ ಬಸಿರಾಗಬಾರದು ಅಂದರು. ಕಾರಣ ಸರಳ, ಬಸಿರಾದರೆ ಎಚ್‌ಸಿಜಿ ಏರುತ್ತದೆ, ಅದು ಮಗುವಿನದ್ದೋ ಕಾಯಿಲೆಯದ್ದೋ ಅಂತ ಗೊತ್ತಾಗುವುದಿಲ್ಲ, ಮತ್ತು ಕಾಯಿಲೆ ಮರಳುವುದಾದರೆ ಹೆಚ್ಚಾಗಿ ಮೊದಲ ವರ್ಷದಲ್ಲೇ. ಯಾವ ಗರ್ಭನಿರೋಧಕ ಅಂತ ಅವರ ಜೊತೆಗೇ ಕೂತು ತೀರ್ಮಾನ ಮಾಡಿದೆವು. ಗರ್ಭಕೋಶ ಹಾಗೇ ಇದೆ, ಮುಟ್ಟು ಸರಿಯಾಗಿ ಬರುತ್ತಿದೆ. ಕೀಮೋ ಆದವರಲ್ಲಿ ಹೆಚ್ಚಿನವರಿಗೆ ಮುಂದೆ ಆರೋಗ್ಯವಂತ ಮಕ್ಕಳಾಗುತ್ತವೆ ಅಂತ ಹೇಳಿದ್ದಾರೆ.

ಮುಂದೆ ಬಸಿರಾದರೆ ಶುರುವಿನಲ್ಲೇ ಒಂದು ಸ್ಕ್ಯಾನ್, ಹೆರಿಗೆ ಆದಾಗ ಮಾಸನ್ನು ಪಾಥಾಲಜಿಗೆ ಕಳಿಸುವುದು, ಆಮೇಲೆ ಸುಮಾರು ಆರು ವಾರಕ್ಕೆ ಮತ್ತೆ ಎಚ್‌ಸಿಜಿ. ಇವು ಮೂರನ್ನೂ ಡಿಸ್ಚಾರ್ಜ್ ಸಮರಿಯಲ್ಲಿ ಬರೆಯುವುದು ಬಿಟ್ಟಿದ್ದರು, ನಾನು ಕೇಳಿ ಬರೆಸಿಕೊಂಡೆ. ನೀವೂ ಬರೆಸಿಕೊಳ್ಳಿ. ಮುಂದಿನ ಹೆರಿಗೆ ಮಾಡಿಸುವ ಡಾಕ್ಟರ್ ಬೇರೆಯವರೇ ಆಗಿರುತ್ತಾರೆ, ಅವರು ಈ ಕಾಯಿಲೆಯನ್ನು ಒಮ್ಮೆಯೂ ನೋಡಿರದೇ ಇರಬಹುದು.